ಬೆಟ್ಟವಿದೆ, ಜಿಂಕೆಯಿದೆ, ಜನ ಎಲ್ಲಿ?

ಸ್ಕಾಟ್ಲೆಂಡಿನ ನಿಸರ್ಗಚಿತ್ರ ಎಂದ ಕೂಡಲೇ ಬಲ್ಲವರು ಹೆಸರಿಸುವುದು ಹೊರಾಷಿಯೊ ಮೆಕಲಕ್ 1864ರಲ್ಲಿ ಬರೆದ ‘ಗ್ಲೆನ್ಕೋ’ ತೈಲಚಿತ್ರವನ್ನು. ಕಡಿದಾದ ಬೆಟ್ಟ, ನೆತ್ತಿಗೆ ತಾಕಿದ ಮೋಡ, ಮುಂದೆ ಜಿಂಕೆಗಳು. ಮಂಜನ್ನೂ ಬಂಡೆಯನ್ನೂ ಒಂದೇ ಕುಂಚದಲ್ಲಿ ನಂಬಿಸುವ ಕೈ ಸಾಮಾನ್ಯದ್ದಲ್ಲ. ಆದರೆ ಇಡೀ ಚಿತ್ರದಲ್ಲಿ ಉತ್ತ ನೆಲವೇ ಇಲ್ಲ.

ಸ್ಕಾಟ್ಲೆಂಡಿನ ಈ ಬೆಟ್ಟಸೀಮೆ, ಹೈಲ್ಯಾಂಡ್ಸ್, ಹೀಗೆ ಬರಿದಾದದ್ದು ತಾನಾಗಿ ಅಲ್ಲ. 18ನೇ ಶತಮಾನದ ಕೊನೆಯಿಂದ 19ರ ನಡುವಿನವರೆಗೆ ಅಲ್ಲಿನ ಜಮೀನ್ದಾರರು ಗೇಣಿದಾರರನ್ನು ಒಕ್ಕಲೆಬ್ಬಿಸಿ ಕುರಿ ಮೇಯಿಸಿದರು, ಆಮೇಲೆ ಜಿಂಕೆ ಬೇಟೆಗೆ ಬಿಟ್ಟರು. ಎಷ್ಟೋ ಸಂಸಾರಗಳು ಕೆನಡಾದ ಹಡಗು ಹತ್ತಿದವು. ಕಬಿನಿ ದಂಡೆಯ ಎಚ್.ಡಿ. ಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹುಲ್ಲು ಚಿಗುರಿ ಆನೆಗಳು ಬಂದರೆ ಜೀಪುಗಳ ತುಂಬ ಕ್ಯಾಮೆರಾ. 1974ರಲ್ಲಿ ಅಣೆಕಟ್ಟು ಮುಗಿಯುವ ಮುನ್ನ ಆ ನೀರಿನ ಜಾಗದಲ್ಲಿ ಊರುಗಳಿದ್ದವು. ನಾಗರಹೊಳೆಯ ಹಾಡಿಗಳನ್ನು ಬಿಟ್ಟ ಜೇನುಕುರುಬರು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿದ್ದಾರೆ. ಫೋಟೋದಲ್ಲಿ ಅವರಿಲ್ಲ, ಇರುವುದು ಆನೆ ಮಾತ್ರ.

ಒಂದೇ ಚಿತ್ರ ಆರಿಸಿಕೋ ಎಂದರೆ ನಾನು ಮೆಕಲಕ್‌ನನ್ನು ಬಿಟ್ಟು ಜೇಮ್ಸ್ ಗಥ್ರಿಯ ಹತ್ತಿರ ಹೋಗುತ್ತೇನೆ. ಗ್ಲಾಸ್ಗೋದ ಹುಡುಗರು ಎಂದೇ ಹೆಸರಾದ ಬಂಡುಕೋರ ಚಿತ್ರಕಾರರಲ್ಲಿ ಇವನೊಬ್ಬ. 1883ರ ‘ಎ ಹೈಂಡ್ಸ್ ಡಾಟರ್’ ಎಡಿನ್‌ಬರೋದಲ್ಲಿದೆ. ಬರೆದದ್ದು ಕೋಬರ್ನ್ಸ್‌ಪಾತ್ ಎಂಬ ಹಳ್ಳಿಯಲ್ಲಿ. ಕೋಸು ಕೊಯ್ಯುತ್ತಿದ್ದ ಆಳಿನ ಮಗಳು ಈಗಷ್ಟೇ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿ ಚಾಕು ಹಿಡಿದೇ ನಮ್ಮತ್ತ ನೋಡುತ್ತಾಳೆ. ಆಕಾಶ ಸ್ವಲ್ಪವೇ, ಹೊಲ ಅವಳ ಹೆಗಲವರೆಗೂ ಏರಿದೆ. ಚಪ್ಪಟೆ ಕುಂಚದ ಚೌಕ ಗೆರೆಗಳಲ್ಲಿ ಮಣ್ಣಿನ ಕಂದು, ಎಲೆಯ ಬೂದುಹಸಿರು. ಅವಳ ಬಟ್ಟೆಗೂ ಅದೇ ಮಣ್ಣಿನ ಬಣ್ಣ. ಚೆಲುವೆಯಾಗಿಸುವ ಗೋಜಿಗೇ ಗಥ್ರಿ ಹೋಗಿಲ್ಲ, ಪಾಪದ ಹುಡುಗಿ ಎಂಬ ಕನಿಕರವನ್ನೂ ಬೇಡಿಲ್ಲ.

ನಮ್ಮ ಕಡೆ ಎಣ್ಣೆಬಣ್ಣ ಹಿಡಿದವರಿಗೆ ತೆಂಗು, ಹೊಳೆ, ಸೂರ್ಯಾಸ್ತ ಬಿಟ್ಟರೆ ಕೈ ಓಡದು. ಬರೆಯಲು ಚುಂಚನಕಟ್ಟೆಯ ದನಗಳ ಜಾತ್ರೆ ಕೆ.ಆರ್. ನಗರದ ಪಕ್ಕದಲ್ಲೇ ಇದೆ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಹೆಂಗಸರು ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಹೊತ್ತಿಗೆ ಮಳೆಗಾಲದ ಬೆಳಕೂ ಗಥ್ರಿಗೆ ಒಪ್ಪುವಂಥ ಬೂದುಬಣ್ಣದ್ದೇ. ಕ್ಯಾನ್ವಾಸಿನ ಸ್ಟ್ಯಾಂಡನ್ನು ಅಲ್ಲಿ ಹೂಡಿ. ತೇವದ ದಿನಗಳಲ್ಲಿ ಬಣ್ಣದೊಳಗಿನ ಅಗಸೆ ಎಣ್ಣೆ ಬೇಗ ಒಣಗದು. ಕೆಳಪದರ ತೆಳುವಾಗಿರಲಿ, ಎಣ್ಣೆ ಹೆಚ್ಚಿರುವ ಬಣ್ಣ ಮೇಲೆ ಬರಲಿ. ಕ್ಯಾನ್ವಾಸನ್ನು ಗೋಡೆಗೆ ಒತ್ತಿ ಇಡಬೇಡಿ, ಬೆನ್ನಿಗೆ ಬೂಷ್ಟು ಹಿಡಿಯುತ್ತದೆ.