‘ಚಿತ್ರಗಾರ’ ಎಂಬ ಅಡ್ಡಹೆಸರು

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಮರದ ಗೊಂಬೆಗಳನ್ನು ಮಾಡುವವರು ‘ಚಿತ್ರಗಾರ’ರೆಂಬ ಅಡ್ಡಹೆಸರಿನಿಂದ ಪ್ರಸಿದ್ಧರಷ್ಟೆ. ಚಿತ್ರವೆಂದರೆ ಬಣ್ಣದ ಬರಹ. ಆದುದರಿಂದ ಇವರು ಮೊದಲು ಭಿತ್ತಿಯ ಮೇಲೆ ಬರೆಯುವವರಾಗಿದ್ದು ಅನಂತರ ಮರಗೆಲಸಕ್ಕೆ ಇಳಿದರೆಂದು ಊಹಿಸುವುದು ಸುಲಭ. ಹಂಪೆಯ ವಿರೂಪಾಕ್ಷಾಲಯದ ಚಾವಣಿಯ ಚಿತ್ರಗಳು ಇವರ ಹಿರಿಯರ ಕೈಕೆಲಸವೆಂಬ ಪ್ರತೀತಿಯೂ ಈ ಊಹೆಗೆ ಬಲಕೊಡುವಂತಿದೆ. ಆದರೂ ಹೆಸರಿನ ಅರ್ಥಮಾತ್ರದಿಂದ ಒಂದು ಮನೆತನದ ಚರಿತ್ರೆಯನ್ನು ಕಟ್ಟುವುದು ನಮಗೆ ಸಮ್ಮತವಲ್ಲ. ಮಾನಸಾರಾದಿ ಶಿಲ್ಪಗ್ರಂಥಗಳಲ್ಲಿ ಸರ್ವಾವಯವಗಳೂ ತೋರುವಂತೆ ಮಾಡಿದ ಬಿಂಬವೇ ‘ಚಿತ್ರ’. ಅರ್ಧಭಾಗ ಮಾತ್ರ ತೋರುವುದು ‘ಅರ್ಧಚಿತ್ರ’. ಪಟದ ಮೇಲೋ ಗೋಡೆಯ ಮೇಲೋ ಬರೆದುದು ‘ಚಿತ್ರಾಭಾಸ’. ಅಂದರೆ ನಾವು ಇಂದು ಚಿತ್ರವೆನ್ನುವುದು ಶಾಸ್ತ್ರಕಾರರಿಗೆ ಚಿತ್ರದ ಆಭಾಸವೇ! ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಮೇಲೆ ಬಣ್ಣವಿಡುವ ಕಿನ್ನಾಳದವರಿಗೆ ಈ ಹೆಸರು ಎರಡು ಬಗೆಯಿಂದಲೂ ಸಲ್ಲುತ್ತದೆ. ಅವರ ಹಿರಿಯರು ಶಾಸ್ತ್ರಾರ್ಥವನ್ನು ಅರಿತೇ ಹೆಸರಿಟ್ಟುಕೊಂಡರೆಂದು ನಾವು ಹೇಳುವುದಿಲ್ಲ. ವೃತ್ತಿಯು ಬದಲಾಯಿತೆನ್ನುವುದಕ್ಕೆ ಹೆಸರೊಂದೇ ಸಾಕ್ಷಿಯಾಗಲಾರದೆಂಬಷ್ಟೇ ನಮ್ಮ ವಾದ.

ಇನ್ನು ‘ಗಾರ’ವು ಅಪಭ್ರಂಶವೆಂದು ‘ಚಿತ್ರಕಾರ’ ಎಂದು ತಿದ್ದುವ ಚಪಲವು ನಮ್ಮಂತಹ ಸಂಸ್ಕೃತಾಭ್ಯಾಸಿಗಳಿಗೆ ಸಹಜ. ಪ್ರತ್ಯಯದ ಮೂಲವು ‘ಕಾರ’ವೇ ಆಗಿರಲಿ, ಹೂಗಾರ, ಹಾಡುಗಾರ ಎಂದು ಅಚ್ಚಗನ್ನಡ ಶಬ್ದಗಳಿಗೂ ಹತ್ತಿದ ಮೇಲೆ ಅದು ಕನ್ನಡದ್ದೇ. ಹೂಗಾರನನ್ನು ಹೂಕಾರನೆನ್ನಲಾದೀತೆ?