ಗೆರೆಯಿರುವ ಎಬೊನಿಯ ಪರವಾಗಿ

ಗಿಟಾರ್ ನುಡಿಸುವವರ ಬೆರಳು ಓಡಾಡುವ ಕರಿಯ ಪಟ್ಟಿಗೆ ಎಬೊನಿಯಷ್ಟು ಒಪ್ಪುವ ಮರ ವಿರಳ. ಕ್ಯಾಮರೂನ್, ಗ್ಯಾಬೊನ್‌ಗಳ ಮಳೆಕಾಡಿನಲ್ಲಿ ಬಹು ನಿಧಾನವಾಗಿ ಬೆಳೆಯುವ ಡಯಾಸ್ಪೈರಸ್ ಕ್ರಾಸಿಫ್ಲೋರಾ ನಮ್ಮ ಬೀಡಿ ಎಲೆಯ ಮರದ ಕುಲಕ್ಕೇ ಸೇರಿದ್ದು. ಅದರ ತಿರುಳು ಗಟ್ಟಿ, ನುಣುಪು; ತಂತಿಯ ಉಜ್ಜಾಟವನ್ನು ವರ್ಷಗಟ್ಟಲೆ ತಾಳುತ್ತದೆ. ಈ ತಾಳಿಕೆ ಬರುವುದು ಮರದ ಸಾಂದ್ರತೆಯಿಂದ, ಬಣ್ಣದಿಂದಲ್ಲ. ಆದರೂ ಮಾರುಕಟ್ಟೆ ಅಚ್ಚ ಕಪ್ಪನ್ನೇ ಕೇಳುತ್ತ ಬಂತು. ಒಳಗೆ ಕಂದು ಗೆರೆಯಿದೆಯೇ ಎಂಬುದು ಕಡಿದ ಮೇಲಷ್ಟೇ ತಿಳಿಯುವುದರಿಂದ, ಗೆರೆಯಿದ್ದ ಮರಗಳನ್ನು ಉರುಳಿಸಿದಲ್ಲೇ ಬಿಟ್ಟು ಬರುತ್ತಿದ್ದರು. 2011ರಲ್ಲಿ ಕ್ಯಾಮರೂನಿನ ಯಾವುಂಡೆಯ ಎಬೊನಿ ಮಿಲ್ಲನ್ನು ಪಾಲುದಾರರೊಡನೆ ಕೊಂಡ ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್, ಗೆರೆಯ ಎಬೊನಿಯನ್ನೂ ತಮ್ಮ ವಾದ್ಯಗಳಿಗೆ ಬಳಸಿದರು. ಅದು ಕಳಪೆ ರಾಜಿಯಲ್ಲ. ಮರವನ್ನು ಅದಿರುವಂತೆಯೇ ಮೆಚ್ಚಿದ ಕಸುಬುದಾರಿಕೆ.

ಗೆರೆಯ ಮರಕ್ಕೂ ಬೆಲೆ ಬಂದರೆ ಕಡಿಯುವುದು ಹೆಚ್ಚದೇ ಎಂದು ಕೇಳಬಹುದು. ಅಳಿವಿನ ಅಪಾಯಕ್ಕೆ ಒಡ್ಡಿಕೊಂಡ ಈ ಮರದ ವಿಷಯದಲ್ಲಿ ಆ ಆತಂಕ ನ್ಯಾಯವಾದದ್ದು. ಆದರೆ ಬೇಡಿಕೆ ಅಷ್ಟೇ ಇದ್ದಾಗ, ಎಸೆಯುವುದು ನಿಂತರೆ ಕೊಡಲಿಗೆ ಬೀಳುವ ಮರಗಳೂ ಕಡಿಮೆಯಾಗುತ್ತವೆ. ಅದೊಂದೇ ಸಾಲದು ಎಂಬುದೂ ದಿಟ. ಹೊಸ ಮರಗಳೂ ಹುಟ್ಟಬೇಕು: ಕಾಡಾನೆಗಳು ಎಬೊನಿಯ ಹಣ್ಣು ತಿಂದು ಬೀಜವನ್ನು ದೂರ ಒಯ್ಯುತ್ತವೆ, ಲದ್ದಿ ಆ ಬೀಜವನ್ನು ಇಲಿ-ಹೆಗ್ಗಣಗಳಿಂದ ಕಾಯುತ್ತದೆ. ಆನೆ ಇಲ್ಲವಾದ ಕಾಡುಗಳಲ್ಲಿ ಎಳೆಯ ಸಸಿಗಳು ಸುಮಾರು ಮೂರನೇ ಎರಡರಷ್ಟು ಕಡಿಮೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹಾಗಾಗಿ ಕ್ಯಾಮರೂನಿನ ಹಳ್ಳಿಗರೊಡನೆ ಸಸಿ ನೆಡುವ ಕೆಲಸ, ಆನೆಗಳ ರಕ್ಷಣೆ, ಕೊಳ್ಳುವವರ ಅಭಿರುಚಿ ಮೂರೂ ಒಟ್ಟಿಗೆ ಬದಲಾವಣೆ ತರಬೇಕು. ಮೂರರಲ್ಲಿ ಅಭಿರುಚಿಯನ್ನು ತಿದ್ದಿಕೊಳ್ಳುವುದು ಇಂದೇ ನಮ್ಮ ಕೈಲಾಗುವ ಕೆಲಸ.