ಪಣ ತೊಟ್ಟವರ ಹಣ

ಚೆನ್ನೈಯಲ್ಲಿ 'ಪಣಂ' ಎಂದರೆ ದುಡ್ಡು. ಕನ್ನಡದ ಕಿವಿಗೆ ಆ ಪದ ಬೇರೆಯೇ ಕೇಳಿಸುತ್ತದೆ. ನಾವು ಪಣ ಒಡ್ಡುತ್ತೇವೆ, ಪಣ ತೊಡುತ್ತೇವೆ; ಮೊದಲನೆಯದು ಜೂಜಿನ ಮಾತು, ಎರಡನೆಯದು ಸಂಕಲ್ಪದ ಮಾತು. ದುಡ್ಡೇ ಬೇಕಾದಾಗ ಪಕಾರವನ್ನು ಹಕಾರ ಮಾಡಿಕೊಂಡು 'ಹಣ' ಎನ್ನುತ್ತೇವೆ. ತೂಕ ಇಳಿಸಿಕೊಳ್ಳಲು ದುಡ್ಡಿನ ಬಾಜಿ ಕಟ್ಟುವ ಈಚಿನ ರೂಢಿಯನ್ನು ನೋಡುವಾಗಲೆಲ್ಲ ಒಂದೇ ಬೇರಿನ ಈ ಮೂರು ಚಿಗುರುಗಳು ಒಟ್ಟಿಗೆ ನೆನಪಾಗುತ್ತವೆ. ಮನಸ್ಸಿನಲ್ಲಿ ತೊಟ್ಟ ಪಣವನ್ನು ನಾಲ್ಕು ಜನರ ಮುಂದೆ ಒಡ್ಡಿದ ಪಣವಾಗಿಸುವುದು ಆ ರೂಢಿಯ ಜಾಣತನ. ಆಮೇಲೆ ಅದು ಬರೀ ಹಣವಾಗಿ ಉಳಿದುಬಿಡುವುದು ಅದರ ಸೋಲು.

ಆಟದ ನಿಯಮವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಚೇರಿಯ ಹತ್ತು ಮಂದಿಯೋ ಬೆಳಗಿನ ವಾಕಿಂಗ್ ಗೆಳೆಯರೋ ತಲಾ ಎರಡು ಸಾವಿರ ಹಾಕುತ್ತಾರೆ. ಗಡುವಿನೊಳಗೆ ಗುರಿ ಮುಟ್ಟಿದವರು ಗಂಟನ್ನು ಹಂಚಿಕೊಳ್ಳುತ್ತಾರೆ, ಮುಟ್ಟದವರು ಕೈ ಒರೆಸಿಕೊಂಡು ಹೋಗುತ್ತಾರೆ. ಚೀಟಿ ಕಟ್ಟಿ ಗೊತ್ತಿದ್ದವರಿಗೆ ಇದೊಂದು ಬಗೆಯ ಚೀಟಿಯೇ. ಅಮೆರಿಕದವರು ಇದನ್ನೇ ವ್ಯಾಪಾರ ಮಾಡಿದರು. ಡಯಟ್‌ಬೆಟ್ ಎಂಬ ಕಂಪನಿಯ ಹೆಸರಾಂತ ಆಟದಲ್ಲಿ ನಾಲ್ಕು ವಾರಕ್ಕೆ ಮೈತೂಕದ ನಾಲ್ಕು ಪ್ರತಿಶತ ಇಳಿಸಬೇಕು. ಎಪ್ಪತ್ತು ಕಿಲೋ ಇರುವವರಿಗೆ ಅದು 2.8 ಕಿಲೋ. ಯೇಲ್ ವಿಶ್ವವಿದ್ಯಾಲಯದ ಡೀನ್ ಕಾರ್ಲನ್ ಮತ್ತು ಇಯಾನ್ ಏರ್ಸ್ 2008ರ ಹೊತ್ತಿಗೆ ಶುರುಮಾಡಿದ 'ಸ್ಟಿಕ್' ಇನ್ನೂ ಒಂದು ತಿರುಪು ಸೇರಿಸಿತು: ಸೋತ ಹಣ ನಿಮಗೆ ಕಂಡರಾಗದ ಸಂಸ್ಥೆಗೇ ಹೋಗುವಂತೆ ಬರೆದುಕೊಡಬಹುದು. ಚೆನ್ನೈಗೆ ಹೊಂದಿಸಿ ಹೇಳುವುದಾದರೆ, ಉದಯಸೂರ್ಯನ ಗುರುತಿನ ಪಕ್ಷದ ಕಟ್ಟಾ ಅಭಿಮಾನಿ ರಾತ್ರಿ ಪರೋಟ ತಿಂದ ತಪ್ಪಿಗೆ ಎದುರಾಳಿ ಎರಡೆಲೆ ಪಕ್ಷದವರ ನಿಧಿಗೆ ಚಂದಾ ಕೊಟ್ಟಂತೆ! ಸ್ವತಃ ಕಾರ್ಲನ್ ಓದುತ್ತಿದ್ದ ದಿನಗಳಲ್ಲಿ ಸಹಪಾಠಿಯೊಬ್ಬರೊಡನೆ ದೊಡ್ಡ ಮೊತ್ತದ ಬಾಜಿ ಕಟ್ಟಿಯೇ ತೆಳ್ಳಗಾದವರು.

ಇದು ಫಲ ಕೊಡುತ್ತದೆಯೇ? ಕೊಡುತ್ತದೆ, ಮತ್ತು ಅದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಫಿಲಡೆಲ್ಫಿಯಾದಲ್ಲಿ ಕೆವಿನ್ ವೋಲ್ಪ್ ಮತ್ತು ಸಂಗಡಿಗರು 57 ಜನರ ಮೇಲೆ ನಡೆಸಿದ ಪ್ರಯೋಗ 2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಹದಿನಾರು ವಾರಗಳ ಕೊನೆಗೆ, ತಮ್ಮ ಕೈಯಿಂದ ಠೇವಣಿ ಇಟ್ಟವರು ಸರಾಸರಿ ಆರು ಕಿಲೋಗೂ ಮೀರಿ ಇಳಿದಿದ್ದರು. ದುಡ್ಡಿನ ಆಸೆಯೂ ಭಯವೂ ಇಲ್ಲದೆ ಬರೀ ತೂಕ ನೋಡಿಸಿಕೊಳ್ಳುತ್ತಿದ್ದವರು ಇಳಿದದ್ದು ಎರಡು ಕಿಲೋಗಿಂತ ಕಡಿಮೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಬರಬಹುದಾದ ನೂರು ರೂಪಾಯಿಗಿಂತ ಜೇಬಿನಿಂದ ಹೋಗುವ ನೂರು ಹೆಚ್ಚು ಚುಚ್ಚುತ್ತದೆ. ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಇದನ್ನು ಸಿದ್ಧಾಂತ ಮಾಡುವ ಮುಂಚೆಯೇ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಹತ್ತು ವರ್ಷದಾಚೆಯ ಸಕ್ಕರೆ ಕಾಯಿಲೆ ಇಂದಿನ ಬೋಂಡಾವನ್ನು ತಡೆಯಲಾರದು. ಶನಿವಾರ ಕಳೆದುಕೊಳ್ಳಬೇಕಾದ ಎರಡು ಸಾವಿರ ತಡೆಯಬಲ್ಲದು.

ತನ್ನನ್ನು ತಾನು ಕಟ್ಟಿಹಾಕಿಕೊಳ್ಳುವ ಈ ಆಸೆ ಉಳ್ಳವರ ಷೋಕಿ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಸಾಕ್ಷಿ ಚೆನ್ನೈಯಲ್ಲೇ ಇದೆ. ಅರ್ಥಶಾಸ್ತ್ರಜ್ಞ ಫ್ರಾಂಕ್ ಶಿಲ್‌ಬಾಖ್ ಇಲ್ಲಿನ 229 ಸೈಕಲ್ ರಿಕ್ಷಾ ಚಾಲಕರೊಡನೆ ಮೂರು ವಾರಗಳ ಪ್ರಯೋಗ ಮಾಡಿದರು. 2019ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ವಿಷಯ ತೂಕವಲ್ಲ, ಕುಡಿತ. ಒಂದು ಗುಂಪಿನವರು ದಿನವೂ ಬಂದು ಉಸಿರು ಊದಿ ತೋರಿಸಬೇಕು. ಕುಡಿದಿದ್ದರೆ 60 ರೂಪಾಯಿ, ಕುಡಿಯದಿದ್ದರೆ 120. ಹೀಗೆ ಷರತ್ತಿಗೆ ಒಳಗಾದವರ ದಿನದ ಉಳಿತಾಯ ಉಳಿದವರಿಗಿಂತ 50 ಪ್ರತಿಶತ ಹೆಚ್ಚಿತು. ಬೆರಗಿನ ಸಂಗತಿ ಇನ್ನೊಂದು. ಷರತ್ತಿಲ್ಲದ ದುಡ್ಡು ಬೇಕೋ, ಕುಡಿಯದಿದ್ದರಷ್ಟೇ ಪೂರ್ತಿ ಸಿಗುವ ದುಡ್ಡು ಬೇಕೋ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ, ತಮಗೆ ನಷ್ಟವಾದರೂ ಸರಿ, ಷರತ್ತನ್ನೇ ಆರಿಸಿಕೊಂಡರು. ದಿನವಿಡೀ ಬಿಸಿಲಲ್ಲಿ ಪೆಡಲು ತುಳಿದವರು, ಸಂಜೆಯ ತಮ್ಮನ್ನು ಬೆಳಗಿನ ತಾವೇ ಕಾವಲು ಕಾಯಲು ದುಡ್ಡು ತೆತ್ತರು. ತೂಕದ ಬಾಜಿಯ ಒಳಗಿರುವ ನಿಜವಾದ ತಿರುಳು ಇದು. ಸೋಮಾರಿತನ ಎಂದು ನಾವು ಬೈಯುವ ಎಷ್ಟೋ ಕಡೆ ಕೊರತೆ ಇರುವುದು ಇಚ್ಛೆಯದಲ್ಲ, ಬೇಲಿಯದು.

ಬೇಲಿ ಕಟ್ಟುವುದು ನಮಗೆ ಹೊಸತೂ ಅಲ್ಲ. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ತಿಮ್ಮಪ್ಪನ ಹೆಸರಿನಲ್ಲಿ ದೇವರ ಕೋಣೆಯಲ್ಲಿಡುವ ಮುಡಿಪು ಒಂದು ಠೇವಣಿಯೇ. ಮನೆಗೆ ಎಂಥ ಕಷ್ಟ ಬಂದರೂ ಆ ಗಂಟು ಬಿಚ್ಚುವಂತಿಲ್ಲ. ತುಲಾಭಾರವಂತೂ ಮೈತೂಕಕ್ಕೆ ನೇರವಾಗಿ ಬೆಲೆ ಕಟ್ಟುತ್ತದೆ: ತಕ್ಕಡಿಯ ಒಂದು ತಟ್ಟೆಯಲ್ಲಿ ಭಕ್ತ, ಇನ್ನೊಂದರಲ್ಲಿ ಬೆಲ್ಲವೋ ಅಕ್ಕಿಯೋ ನಾಣ್ಯವೋ. ದಪ್ಪಗಿದ್ದಷ್ಟೂ ದೇವರಿಗೆ ಲಾಭ. ಆದರೆ ಹರಕೆಯಲ್ಲಿ ಎದುರಾಳಿ ಎಂಬವನಿಲ್ಲ. ನನ್ನ ಸೋಲಿನಿಂದ ಪಕ್ಕದವನ ಜೇಬು ತುಂಬುವುದಿಲ್ಲ. ಬಾಜಿಯಲ್ಲಿ ತುಂಬುತ್ತದೆ. ಮಧ್ಯಾಹ್ನದ ಊಟಕ್ಕೆ ಕೂತಾಗ 'ಇನ್ನೊಂದು ಮೈಸೂರುಪಾಕು ತಗೊಳ್ಳೋ' ಎಂದು ಒತ್ತಾಯಿಸುವ ಗೆಳೆಯನ ಪ್ರೀತಿಯಲ್ಲಿ ಲೆಕ್ಕಾಚಾರದ ವಾಸನೆ ಹೊಡೆಯತೊಡಗುತ್ತದೆ.

ಈಗ ಕುಂದುಗಳ ಲೆಕ್ಕ. ಮೊದಲನೆಯದು, ಗಡುವು ಮುಗಿದ ಮಾರನೆಯ ದಿನ. ಅದೇ ಫಿಲಡೆಲ್ಫಿಯಾದವರನ್ನು ಏಳು ತಿಂಗಳಾದಾಗ ಮತ್ತೆ ತೂಗಿದರು. ಠೇವಣಿ ಇಟ್ಟವರ ಗಳಿಕೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಏನೂ ಇಡದವರಿಗೂ ಅವರಿಗೂ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ಇದಕ್ಕೆ ಅಚ್ಚರಿಪಡಬೇಕಾದ್ದೇನೂ ಇಲ್ಲ. ದುಡ್ಡಿಗಾಗಿ ನಡೆದವನಿಗೆ ದುಡ್ಡು ಕೈಸೇರಿದ ಮೇಲೆ ನಡೆಯಲು ಕಾರಣವೇ ಇರುವುದಿಲ್ಲ. ಗೆದ್ದ ಗಂಟಿನಲ್ಲಿ ಎಲ್ಲರಿಗೂ ಬಿರಿಯಾನಿ ಕೊಡಿಸುವ ಪದ್ಧತಿ ಬಾಜಿಯ ಮೇಲೆ ಬರೆದ ಅತಿ ಚಿಕ್ಕ ವಿಮರ್ಶೆ.

ಎರಡನೆಯದು, ಆಟಕ್ಕೆ ಬಾರದವರು. ಸ್ಕಾಟ್ ಹಾಲ್ಪರ್ನ್ ತಂಡ 2015ರಲ್ಲಿ ಪ್ರಕಟಿಸಿದ ಧೂಮಪಾನದ ಪ್ರಯೋಗ ಇದನ್ನು ಕನ್ನಡಿ ಹಿಡಿದಂತೆ ತೋರಿಸಿತು. ಬಹುಮಾನ ಕೊಡುತ್ತೇವೆ ಎಂದಾಗ 90 ಪ್ರತಿಶತ ಮಂದಿ ಒಪ್ಪಿದರು. 150 ಡಾಲರ್ ಠೇವಣಿ ಇಡಿ ಎಂದಾಗ ಒಪ್ಪಿದವರು 13.7 ಪ್ರತಿಶತ. ಒಪ್ಪಿ ಬಂದವರಲ್ಲಿ ಠೇವಣಿಯೇ ಗಟ್ಟಿ ಮದ್ದು. ಆದರೆ ನೂರಕ್ಕೆ ಎಂಬತ್ತಾರು ಜನ ಬಾಗಿಲಲ್ಲೇ ಹಿಂದಿರುಗುವ ಔಷಧಾಲಯದಿಂದ ಊರಿಗೆ ಎಷ್ಟು ಉಪಯೋಗ? 'ನಮ್ಮ ಆಫೀಸಿನಲ್ಲಿ ಎಲ್ಲರೂ ಇಳಿದರು' ಎಂಬ ಜಂಬದ ಮಾತು ಕಿವಿಗೆ ಬಿದ್ದಾಗ, ಆ 'ಎಲ್ಲರೂ' ಯಾರು ಎಂದು ಕೇಳಬೇಕು. ಹೇಗೂ ಇಳಿಯಲು ಹೊರಟಿದ್ದವರೇ ಮೊದಲು ಜೇಬಿಗೆ ಕೈ ಹಾಕುತ್ತಾರೆ.

ಮೂರನೆಯ ಕುಂದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ತಕ್ಕಡಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ್ದು. ಇದರ ಫಲವನ್ನು ಕುದುರೆ ರೇಸಿನಲ್ಲಿ ನೋಡಬೇಕು. ಚೆನ್ನೈಯ ಗಿಂಡಿಯಲ್ಲಿ ಕುದುರೆ ಓಡಲು ಶುರುವಾದದ್ದು 1777ರಲ್ಲಿ. ತಮಿಳಿನಲ್ಲಿ ಬಾಜಿಗೂ ಪೈಪೋಟಿಗೂ ಒಂದೇ ಪದ, 'ಪಂದಯಂ'. ನಮ್ಮ 'ಪಂದ್ಯ' ಅದರ ನೆಂಟ. ದುಡ್ಡಿಗೂ ಮನುಷ್ಯನ ಮೈತೂಕಕ್ಕೂ ರೇಸಿನಲ್ಲಿ ಎರಡು ಶತಮಾನದ ನಂಟು, ಏಕೆಂದರೆ ಓಟದ ಮುಂಚೆಯೂ ಆಮೇಲೂ ಜಾಕಿಗಳನ್ನು ತೂಗಬೇಕು. ತೂಕಕ್ಕೆ ದುಡ್ಡು ಅಂಟಿಕೊಂಡಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಜಗತ್ತಿನ ಎಲ್ಲ ರೇಸ್ ಮೈದಾನಗಳಿಗೂ ಗೊತ್ತು: ನೀರು ಬಿಡುತ್ತಾನೆ, ಬೆವರು ಸುರಿಸುತ್ತಾನೆ, ಉಪವಾಸ ಬೀಳುತ್ತಾನೆ. ಬಾಜಿಯ ಕೊನೆಯ ವಾರದಲ್ಲಿ ಐಟಿ ಕಂಪನಿಯ ಉದ್ಯೋಗಿಯೂ ಮಾಡುವುದು ಅದನ್ನೇ. ಇಳಿಯುವುದು ಕೊಬ್ಬಲ್ಲ, ನೀರು. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಲ್ಲಿ ಇದು ತಮಾಷೆಯ ಮಾತಲ್ಲ.

ಅಷ್ಟಕ್ಕೂ ತಕ್ಕಡಿ ಸತ್ಯ ಹೇಳುತ್ತದೆಯೇ? ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ತಂಡ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆಯ ಅಧ್ಯಯನವನ್ನು ಬಾಜಿ ಕಟ್ಟುವವರೆಲ್ಲ ಒಮ್ಮೆ ಓದಬೇಕು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿ ಮೂರು ವರ್ಷ ಗಮನಿಸಿದರು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ಕಾಯಿಲೆಗೆ ಜಾರುವ ಅಪಾಯ 28.5 ಪ್ರತಿಶತ ತಗ್ಗಿತು. ಅವರ ತೂಕ? ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಅವರು ಬಾಜಿ ಕಟ್ಟಿದ್ದರೆ ಆರೋಗ್ಯ ಗೆದ್ದು ದುಡ್ಡು ಸೋಲುತ್ತಿದ್ದರು. ತಕ್ಕಡಿಯ ಕಣ್ಣಿಗೆ ಕಾಣದ್ದು ಇನ್ನೂ ಇದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಜೊತೆಯಾಗಿ ನಿಂತ ಚಿತ್ರ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಕೊಬ್ಬು ಮಾತ್ರ ಒಬ್ಬರಲ್ಲಿ 9.1 ಪ್ರತಿಶತ, ನಮ್ಮವರಲ್ಲಿ 21.2. ಹೊಟ್ಟೆಯ ಸುತ್ತ ಕೊಬ್ಬು ಕಟ್ಟುವ ನಮ್ಮ ಮೈಗೆ ಟೇಪು ಬೇಕು, ತಕ್ಕಡಿ ಸಾಲದು. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮುಂದಾಳತ್ವದ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಹೇಳಿದ್ದೂ ಇದನ್ನೇ: ದೇಶದಲ್ಲಿ ಸಾಮಾನ್ಯ ಬೊಜ್ಜು 28.6 ಪ್ರತಿಶತ, ಹೊಟ್ಟೆಯ ಬೊಜ್ಜು 39.5 ಪ್ರತಿಶತ.

ನಮ್ಮ ಬೆಂಗಳೂರಿನಲ್ಲಿ ಈ ಪಾಠ ಒಂದೇ ವರ್ಷದಲ್ಲಿ ನಡೆದುಹೋಯಿತು. ಜೆರೋಧಾ ಕಂಪನಿಯ ನಿತಿನ್ ಕಾಮತ್ 2022ರ ವಿಶ್ವ ಆರೋಗ್ಯ ದಿನದಂದು, ಸೂಚ್ಯಂಕ 25ಕ್ಕಿಂತ ಕಡಿಮೆ ಇರುವ ಉದ್ಯೋಗಿಗಳಿಗೆ ಅರ್ಧ ತಿಂಗಳ ಸಂಬಳ ಬೋನಸ್ ಎಂದರು. ಹುಟ್ಟಿನಿಂದಲೇ ತೆಳ್ಳಗಿರುವವರು ಕೂತಲ್ಲೇ ಬೋನಸ್ ಪಡೆಯುವುದು, ಥೈರಾಯಿಡ್ ತೊಂದರೆಯವರು ನಾಚಿಕೆಪಡುವುದು ಯಾವ ನ್ಯಾಯ ಎಂದು ಟೀಕೆ ಎದ್ದಿತು. ಭಾರತೀಯರಿಗೆ ಅಧಿಕ ತೂಕ 23ಕ್ಕೇ ಶುರುವಾಗುತ್ತದೆ ಎಂದು ನಮ್ಮ ವೈದ್ಯರು 2009ರಲ್ಲೇ ಗೆರೆ ಎಳೆದಿದ್ದರು ಎಂಬುದು ಬೇರೆ ಮಾತು. 2022ರ ಸೆಪ್ಟೆಂಬರಿನಲ್ಲಿ ಬಂದ ಕಂಪನಿಯ ಹೊಸ ಯೋಜನೆ ಸೂಚ್ಯಂಕವನ್ನು ಪಕ್ಕಕ್ಕಿಟ್ಟಿತು: ತಾನೇ ಇಟ್ಟುಕೊಂಡ ದಿನದ ಚಟುವಟಿಕೆಯ ಗುರಿಯನ್ನು 90 ಪ್ರತಿಶತ ದಿನ ಮುಟ್ಟಿದವರಿಗೆ ಒಂದು ತಿಂಗಳ ಸಂಬಳ. ತಕ್ಕಡಿಯಿಂದ ಹೆಜ್ಜೆಗೆ ಬಂದ ಈ ದಾರಿಯೇ ಸರಿಯಾದದ್ದು.

ಕಾನೂನೂ ಬಾಜಿಯ ಕೈಹಿಡಿಯುವುದಿಲ್ಲ. 1872ರ ಕರಾರು ಕಾಯಿದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಗೆದ್ದ ದುಡ್ಡು ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ದುಡ್ಡಿನ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾಯಿದೆ ತಂದು ನಿಷೇಧಿಸಿತು. ಹೀಗಾಗಿ ಗೆಳೆಯರ ನಡುವಿನ ಬಾಜಿ ನಿಂತಿರುವುದು ಮಾತಿನ ಮೇಲೆ. ಅಲ್ಲೇ ಅದರ ದೌರ್ಬಲ್ಯ. ಸೋತವನ ಮುಖ ನೋಡಿ 'ಹೋಗ್ಲಿ ಬಿಡು, ಮುಂದಿನ ತಿಂಗಳು ನೋಡೋಣ' ಎನ್ನದ ಸ್ನೇಹಿತ ಕಠೋರ. ಎಂದ ಸ್ನೇಹಿತ ಬಾಜಿಯನ್ನೇ ಮುರಿದವನು.

ಹಾಗಾದರೆ ಬಾಜಿ ಬಿಡಬೇಕೇ? ಬೇಡ, ತಿದ್ದಿಕೊಳ್ಳಬೇಕು. ಹೇಗೆ ಎಂಬುದಕ್ಕೆ ಕೊಯಮತ್ತೂರಿನಲ್ಲಿ ಒಳ್ಳೆಯ ಮಾದರಿ ಇದೆ. ಮಧುಮೇಹ ಇರುವ, ಇಲ್ಲವೇ ಅದರ ಅಂಚಿನಲ್ಲಿರುವ ಸುಮಾರು 3,200 ಜನರೊಡನೆ ಅರ್ಥಶಾಸ್ತ್ರಜ್ಞರು ಅಲ್ಲಿ ಪ್ರಯೋಗ ನಡೆಸಿದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದರೆ 20 ರೂಪಾಯಿಯ ಮೊಬೈಲ್ ರೀಚಾರ್ಜ್. ಮೂರು ತಿಂಗಳಲ್ಲಿ ನಡಿಗೆ ದಿನಕ್ಕೆ ಸುಮಾರು 1,300 ಹೆಜ್ಜೆ ಹೆಚ್ಚಿತು. ವಾರದಲ್ಲಿ ನಾಲ್ಕೈದು ದಿನವಾದರೂ ಗುರಿ ಮುಟ್ಟಿದರಷ್ಟೇ ದುಡ್ಡು ಎಂಬ ಷರತ್ತು ಹಾಕಿದಾಗ, ಕಡಿಮೆ ಖರ್ಚಿನಲ್ಲೇ ಹೆಚ್ಚುಕಡಿಮೆ ಅಷ್ಟೇ ನಡಿಗೆ ಸಿಕ್ಕಿತು. ಇಲ್ಲಿ ಯಾರೂ ಸೋತು ಇನ್ನೊಬ್ಬರ ಜೇಬು ತುಂಬಲಿಲ್ಲ, ಯಾರೂ ನೀರು ಬಿಟ್ಟು ಒಣಗಲಿಲ್ಲ. ಮೊತ್ತ ಪುಡಿಗಾಸು, ಅಳತೆ ಅವತ್ತಿನ ಕೆಲಸದ್ದು, ಮೈಯದಲ್ಲ.

ಚೆನ್ನೈಯ ಗೆಳೆಯರ ಗುಂಪಿಗೆ ನಾನು ಹೇಳುವುದು ಇಷ್ಟು. ಕಿಲೋಗಳ ಮೇಲೆ ಕಟ್ಟಬೇಡಿ, ಸಂಜೆಗಳ ಮೇಲೆ ಕಟ್ಟಿ: ಬೆಸೆಂಟ್ ನಗರದ ಕಡಲ ದಂಡೆಗೆ ವಾರಕ್ಕೆ ಐದು ದಿನ ಬಂದೆನೋ ಇಲ್ಲವೋ ಎಂಬುದರ ಮೇಲೆ. ಎರಡು ಸಾವಿರ ಬೇಡ, ತಪ್ಪಿಸಿದ ದಿನಕ್ಕೆ ಇಪ್ಪತ್ತು ರೂಪಾಯಿ ಸಾಕು. ಆ ದುಡ್ಡು ಗೆದ್ದವರ ಪಾಲಾಗದೆ ಮುಡಿಪಿನ ಗಂಟಿಗೆ ಹೋಗಲಿ. ಮೂರು ತಿಂಗಳಾದ ಮೇಲೆ ಗಂಟನ್ನು ಬಿಚ್ಚಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಟ್ಟುಬಿಡಿ. ಮಾರನೆಯ ಸಂಜೆ, ಇಪ್ಪತ್ತು ರೂಪಾಯಿಯ ಭಯವಿಲ್ಲದ ಮೊದಲ ಸಂಜೆ, ಕಡಲ ದಂಡೆಯಲ್ಲಿ ಎಷ್ಟು ಮಂದಿ ಸೇರುತ್ತೀರಿ ಎಂದು ಎಣಿಸಿ ನೋಡಿ. ಗೆದ್ದದ್ದು ಪಣವೋ ಪಣಂವೋ ಎಂಬುದು ಆವತ್ತು ಗೊತ್ತಾಗುತ್ತದೆ.